ನೋಡಿದವರ ಮಾತು

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಿವೃತ್ತ ಕನ್ನಡ ಅಧ್ಯಾಪಕನಾದ ನಾನು ವ್ಯಾಕರಣವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಈ ಬಾರಿ ನಾನು ಆರಿಸಿಕೊಂಡಿರುವ ವಿಷಯ ಬೇರೆ. ಕನ್ನಡ ಕಾದಂಬರಿಗಳನ್ನು ಆಧರಿಸಿದ ಎರಡು ಐತಿಹಾಸಿಕ ಚಲನಚಿತ್ರಗಳನ್ನು ನಮ್ಮ ಸೀಮೆಯ ಜನ ನೋಡಿ ಬಂದು ಏನು ಹೇಳಿದರು ಎಂಬುದನ್ನು ಇಲ್ಲಿ ಬರೆದಿಡಬೇಕೆಂದಿದ್ದೇನೆ. ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಸಿನಿಮಾಕ್ಕೇನು ಸ್ಥಾನವೆಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಅವರಲ್ಲಿ ನನ್ನ ವಿನಂತಿ.

ಆ ಕಾಲದಲ್ಲಿ ಚಿತ್ರ ನೋಡುವುದೆಂದರೆ ಇಂದಿನಂತೆ ಸುಲಭದ ಮಾತಾಗಿರಲಿಲ್ಲ. ಗುಂಡ್ಲುಪೇಟೆಯ ಕಡೆಯ ಹಳ್ಳಿಗಳವರಿಗೆ ಚಿತ್ರವೆಂದರೆ ಟೂರಿಂಗ್ ಟಾಕೀಸಿನ ಡೇರೆ. ನೆಲ, ಬೆಂಚು, ಕುರ್ಚಿ ಎಂಬ ಮೂರು ದರ್ಜೆ. ಹೊಸ ಚಿತ್ರವು ಬೆಂಗಳೂರು ಮೈಸೂರುಗಳಲ್ಲಿ ಓಡಿ ದಣಿದು, ಗೀರುಬಿದ್ದ ರೀಲುಗಳಾಗಿ ನಮ್ಮಲ್ಲಿಗೆ ಬರುವ ವೇಳೆಗೆ ತಿಂಗಳುಗಳೇ ಉರುಳಿರುತ್ತಿದ್ದವು. ಆದುದರಿಂದ ಕಂಡ ಚಿತ್ರವನ್ನು ಜನ ಬೇಗನೆ ಮರೆಯುತ್ತಿರಲಿಲ್ಲ. ಎರಡನೆಯ ಆಟ ಮುಗಿಸಿ ಊರಿಗೆ ನಡೆಯುವ ದಾರಿಯಲ್ಲಿ ಮೊದಲಾದ ಚರ್ಚೆ ಮರುದಿನ ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ, ವಾರದ ಸಂತೆಯಲ್ಲಿ ಮುಂದುವರಿಯುತ್ತಿತ್ತು. ಪತ್ರಿಕೆಗಳ ವಿಮರ್ಶೆ ಆ ಚರ್ಚೆಯನ್ನು ಮುಟ್ಟುತ್ತಲೇ ಇರಲಿಲ್ಲ. ಅಕ್ಷರ ಬಲ್ಲವರೂ ಬಾರದವರೂ ಸರಿಸಮಾನರಾಗಿ ಕುಳಿತು ವಾದಿಸುತ್ತಿದ್ದ ಸಭೆ ನಮ್ಮ ಊರುಗಳಲ್ಲಿ ಅದೊಂದೇ ಇದ್ದಿತೇನೋ ಎಂದು ಈಗ ನನಗನಿಸುತ್ತದೆ.

1975ನೆಯ ಇಸವಿಯಲ್ಲಿ ಎರಡು ಚಿತ್ರಗಳು ತೆರೆಕಂಡವು. ಒಂದು, ದೇವುಡು ನರಸಿಂಹ ಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ 'ಮಯೂರ'. ವಿಜಯ್ ಅವರ ನಿರ್ದೇಶನ, ಜಿ.ಕೆ. ವೆಂಕಟೇಶ್ ಅವರ ಸಂಗೀತ, ಡಾ. ರಾಜ್‌ಕುಮಾರ್ ಅವರ ಅಭಿನಯ. ಇನ್ನೊಂದು, ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ 'ಹಂಸಗೀತೆ', ಜಿ.ವಿ. ಅಯ್ಯರ್ ಅವರ ನಿರ್ದೇಶನ, ಅನಂತನಾಗ್ ಅವರ ಅಭಿನಯ. ಮೊದಲನೆಯದು ಕದಂಬರ ಕಾಲದ ವೀರನ ಕಥೆ. ಎರಡನೆಯದು ಹದಿನೆಂಟನೆಯ ಶತಮಾನದ ಚಿತ್ರದುರ್ಗದ ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಕಥೆ. ಎರಡರಲ್ಲಿಯೂ ಇತಿಹಾಸದೊಡನೆ ಪ್ರೇಮವು ಹೆಣೆದುಕೊಂಡಿದೆ. ಒಂದು ಜನಸಾಗರವನ್ನು ಸೆಳೆಯಿತು. ಇನ್ನೊಂದು ಶ್ರೇಷ್ಠ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಅದರ ಗಾಯನಕ್ಕಾಗಿ ಎಂ. ಬಾಲಮುರಳಿಕೃಷ್ಣ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿತು.

ಈ ಎರಡು ಚಿತ್ರಗಳನ್ನು ನಮ್ಮ ಜನ ಹೊರಗಿನವೆಂದು ಭಾವಿಸಲಿಲ್ಲ. ರಾಜ್‌ಕುಮಾರ್ ಅವರ ಗಾಜನೂರು ಚಾಮರಾಜನಗರಕ್ಕೆ ನೆರೆಯ ಊರು. ಅದು ಇಂದು ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ ತಾಲ್ಲೂಕಿಗೆ ಸೇರಿದ್ದರೂ ಅಲ್ಲಿಯ ಮನೆಮಾತು, ಸಂತೆ, ಕೊಡುಕೊಳ್ಳುವಿಕೆ ಎಲ್ಲವೂ ನಮ್ಮೊಡನೆ ಬೆಸೆದುಕೊಂಡಿವೆ. ಅಯ್ಯರ್ ಅವರು 1917ರಲ್ಲಿ ಜನಿಸಿದುದು ನಂಜನಗೂಡಿನಲ್ಲಿ. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಹೋಗುವವರು ದಾಟಲೇಬೇಕಾದ ಊರದು. ಇಬ್ಬರೂ ಗುಬ್ಬಿ ವೀರಣ್ಣನವರ ಕಂಪನಿಯ ರಂಗದ ಮೇಲೆ ಪಳಗಿದವರು. 1960ರಲ್ಲಿ ಇವರಿಬ್ಬರೂ ನರಸಿಂಹರಾಜು, ಬಾಲಕೃಷ್ಣ ಅವರೊಡನೆ ಕೈಗೂಡಿಸಿ 'ರಣಧೀರ ಕಂಠೀರವ'ವನ್ನು ನಿರ್ಮಿಸಿದ್ದರು. ಹದಿನೈದು ವರ್ಷಗಳ ಅನಂತರ ಇಬ್ಬರೂ ಮತ್ತೆ ಇತಿಹಾಸದ ಕಡೆಗೇ ತಿರುಗಿದರು. ಹಿಡಿದ ದಾರಿ ಮಾತ್ರ ಬೇರೆ ಬೇರೆ.

ಮೊದಲು 'ಮಯೂರ'ವನ್ನು ಕುರಿತ ಮಾತುಗಳನ್ನು ನಿರೂಪಿಸುತ್ತೇನೆ. ಚಿತ್ರದಲ್ಲಿ ಮಯೂರನು ಕಂಚಿಯಲ್ಲಿ ಬ್ರಾಹ್ಮಣ ವಟುವಾಗಿ ಬೆಳೆದು, ತಾನು ಕದಂಬ ರಾಜವಂಶದವನೆಂಬುದನ್ನು ಅನಂತರ ತಿಳಿಯುತ್ತಾನೆ; ಕಳೆದುಹೋದ ರಾಜ್ಯವನ್ನು ಮರಳಿ ಪಡೆಯುತ್ತಾನೆ; ಪಲ್ಲವ ರಾಜಕುಮಾರಿಯ ಪ್ರೀತಿಯನ್ನೂ ಗಳಿಸುತ್ತಾನೆ. ಆಟ ನೋಡಿಬಂದ ನಮ್ಮ ವಿದ್ಯಾರ್ಥಿನಿಲಯದ ಹುಡುಗರು ಒಂದು ವಾರ ಕಾಲ ಬೇರೆ ಮಾತನ್ನೇ ಆಡಲಿಲ್ಲ. ಸಿಂಹದೊಡನೆ ಸೆಣಸುವ ದೃಶ್ಯವನ್ನು ಅಭಿನಯಿಸಿ ತೋರಿಸುವಾಗ ಒಬ್ಬನ ಅಂಗಿ ಹರಿದುದೂ ಉಂಟು.

ನಮ್ಮ ಇತಿಹಾಸದ ಅಧ್ಯಾಪಕರಿಗೆ ಈ ಸಂಭ್ರಮ ಸಹನೆಯಾಗಲಿಲ್ಲ. ಅವರು ತರಗತಿಗೆ ಬಂದು, ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಶಾಸನ ಏನು ಹೇಳುತ್ತದೆಂಬುದನ್ನು ವಿವರಿಸಿದರು. ಮಯೂರಶರ್ಮನು ವೇದಾಧ್ಯಯನದಲ್ಲಿ ನಿರತವಾದ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನು. ಗುರುವಾದ ವೀರಶರ್ಮನೊಡನೆ ಹೆಚ್ಚಿನ ವ್ಯಾಸಂಗಕ್ಕಾಗಿ ಕಂಚಿಯ ಘಟಿಕೆಗೆ ಹೋದನು. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಉಂಟಾದ ಕಲಹದಲ್ಲಿ ಅವಮಾನಿತನಾಗಿ, ದರ್ಭೆಯನ್ನು ಹಿಡಿದು ಪಳಗಿದ ಕೈಯಲ್ಲಿ ಖಡ್ಗವನ್ನು ಹಿಡಿದನು. ಶ್ರೀಪರ್ವತದವರೆಗಿನ ಕಾಡುಗಳಲ್ಲಿ ನೆಲೆನಿಂತು ಹೋರಾಡಿ, ಕೊನೆಗೆ ಪಲ್ಲವರೇ ಆತನನ್ನು ಮನ್ನಿಸುವಂತೆ ಮಾಡಿದನು. ಇದು ಸುಮಾರು ನಾಲ್ಕನೆಯ ಶತಮಾನದ ನಡುಭಾಗದ ಸಂಗತಿ. ಶಾಸನದಲ್ಲಿ ಕಳೆದುಹೋದ ರಾಜ್ಯವೂ ಇಲ್ಲ, ಪಲ್ಲವ ರಾಜಕುಮಾರಿಯ ಪ್ರೇಮವೂ ಇಲ್ಲ. ಆದುದರಿಂದ ಚಿತ್ರ ಸುಳ್ಳು ಎಂದು ಅವರು ತೀರ್ಪಿತ್ತರು.

ಆಗ ಹಿಂದಿನ ಸಾಲಿನಿಂದ ಗುಂಡ್ಲುಪೇಟೆ ತಾಲ್ಲೂಕಿನ ಒಬ್ಬ ಹುಡುಗ ಎದ್ದುನಿಂತನು. ಒಣಭೂಮಿಯನ್ನು ನಂಬಿದ ಬಡ ಕುಟುಂಬದವನು, ನಿಲಯದ ಉಚಿತ ಊಟ ವಸತಿಗಳಿಂದ ಓದುತ್ತಿದ್ದವನು, ಹೆಚ್ಚು ಮಾತನಾಡುವವನಲ್ಲ. "ರಾಜನ್ ಮಗ ರಾಜ ಆದ್ರ ಅದ್ರಲ್ಲಿ ಏನದ ಸಾ? ಓದಕ್ಕ ಬಂದ ಹುಡ್ಗ ರಾಜ ಆದ ಅಂದ್ರ ನಮ್ಗೂ ಒಂದ್ ಧೈರ್ಯ" ಎಂದನು. ತರಗತಿ ನಕ್ಕಿತು. ಅಧ್ಯಾಪಕರು ನಗಲಿಲ್ಲ. ಆ ದಿನ ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ಅವರೇ ನನಗೆ ಈ ಮಾತನ್ನು ಹೇಳಿ, "ನಾನು ಸತ್ಯ ಯಾವುದು ಎಂಬುದನ್ನು ಮಾತ್ರ ಹೇಳಿದೆ, ಆ ಸತ್ಯ ಯಾರಿಗೆ ಬೇಕು ಎಂಬುದನ್ನು ಅವನು ಹೇಳಿದ" ಎಂದರು.

ಆ ಹುಡುಗನ ಮಾತನ್ನು ನಾನು ಈ ದೀರ್ಘಕಾಲದಲ್ಲಿ ಹಲವು ಬಾರಿ ಮನನ ಮಾಡಿದ್ದೇನೆ. ಜನಪ್ರಿಯ ಕಥೆಗಾರಿಕೆ ನಾಯಕನಿಗೆ ಹುಟ್ಟಿನ ಹಿರಿಮೆಯನ್ನು ಅಂಟಿಸಲು ಬಯಸುತ್ತದೆ. ಬಡವನ ಮಗ ಗೆದ್ದರೆ ಆತ ನಿಜವಾಗಿ ಬಡವನ ಮಗನಲ್ಲ, ಕಳೆದುಹೋಗಿದ್ದ ಸಿರಿವಂತನ ಮಗ ಎಂದು ಕಡೆಯಲ್ಲಿ ತಿಳಿಯುತ್ತದೆ. ನೋಡುವವರಿಗೆ ಅದರಿಂದ ಸಮಾಧಾನವೂ ಆಗುತ್ತದೆ. ಆದರೆ ಊರುಬಿಟ್ಟು ಬಂದು ಪರಸ್ಥಳದ ಗುರುಕುಲದಲ್ಲಿ ಓದುತ್ತಿರುವ ಹುಡುಗನಿಗೆ ಆ ತಿದ್ದುಪಡಿಯಿಂದ ನಷ್ಟವೇ ಆಗುತ್ತದೆ. ಕಂಚಿಯ ಘಟಿಕೆಯಲ್ಲಿ ಅವಮಾನಿತನಾದ ವಿದ್ಯಾರ್ಥಿಯಲ್ಲಿ ಅವನು ತನ್ನನ್ನೇ ಕಂಡಿದ್ದನು, ರಾಜಕುಮಾರನಲ್ಲಿ ಕಾಣಲಾರನಾದನು. ಇತಿಹಾಸಜ್ಞರು ದಾಖಲೆಯನ್ನು ಹಿಡಿದು ತಲಪಿದ ಸ್ಥಳಕ್ಕೆ ಅವನು ತನ್ನ ಬಾಳನ್ನು ಹಿಡಿದು ತಲಪಿದನು.

ಇದಕ್ಕೆ ವಿರುದ್ಧವಾದ ಅಭಿಪ್ರಾಯವೂ ನನ್ನ ಕಿವಿಗೆ ಬಿದ್ದಿತು. ಗೇಣಿಯ ವ್ಯಾಜ್ಯದಲ್ಲಿ ಹಿರಿಯರ ಕಾಲದ ಜಮೀನನ್ನು ಕಳೆದುಕೊಂಡಿದ್ದ ಒಬ್ಬ ವೃದ್ಧ ರೈತರು 'ಮಯೂರ'ವನ್ನು ಮೂರು ಬಾರಿ ನೋಡಿದ್ದರು. ಅವರ ದೃಷ್ಟಿಯಲ್ಲಿ ಚಿತ್ರದ ಸಾರವೆಲ್ಲ ಇದ್ದುದು ಒಂದೇ ಮಾತಿನಲ್ಲಿ: ತನ್ನದಾಗಿದ್ದುದನ್ನು ಕಳೆದುಕೊಂಡವನು ಅದನ್ನು ಮರಳಿ ಪಡೆದನು. ತಾಳಗುಂದದ ಕಥೆಯನ್ನು ಹೇಳಿದಾಗ ಅವರು ತಲೆಯಾಡಿಸಿ, ಹಾಗಾದರೆ ಅದು ಬೇರೆಯವರ ಕಥೆ ಎಂದುಬಿಟ್ಟರು. ಹುಡುಗನಿಗೆ ಶಾಸನದ ಮಯೂರ ಬೇಕಾಗಿದ್ದನು; ವೃದ್ಧರಿಗೆ ಚಿತ್ರದ ಮಯೂರ ಬೇಕಾಗಿದ್ದನು. ಇವರಲ್ಲಿ ಒಬ್ಬರದು ಸರಿ, ಇನ್ನೊಬ್ಬರದು ತಪ್ಪು ಎಂದು ಹೇಳಲು ನನ್ನ ನಾಲಗೆ ಏಳುವುದಿಲ್ಲ. ಇತಿಹಾಸವಾಗಿ ಯಾವುದು ನಿಜ ಎಂಬುದು ಒಂದು ಪ್ರಶ್ನೆ; ಕಥೆ ಯಾವ ಗಾಯಕ್ಕೆ ಮದ್ದಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಒಂದೇ ಉತ್ತರ. ಎರಡನೆಯದಕ್ಕೆ ನೋಡಿದವರ ತಲೆಗೊಂದು ಉತ್ತರ.

ಮೂರನೆಯ ಅಭಿಪ್ರಾಯ ತಾಳವಾಡಿಯ ಕಡೆಯಿಂದ ಬಂದ ನಮ್ಮ ಸಹೋದ್ಯೋಗಿಯೊಬ್ಬರದು. ಅವರ ಮನೆಯಲ್ಲಿ ಕನ್ನಡ, ಬಂಧುಗಳಲ್ಲಿ ಅರ್ಧದಷ್ಟು ಜನ ತಮಿಳು. ಚಿತ್ರಮಂದಿರದಲ್ಲಿ ಪಲ್ಲವರ ಸೈನಿಕರು ಬಿದ್ದಾಗಲೆಲ್ಲ ಎದ್ದ ಸಿಳ್ಳು ಅವರಿಗೆ ಹಿತವಾಗಲಿಲ್ಲ. "ಅವಮಾನ ಮಾಡಿದ ಊರೂ ಕಂಚಿಯೇ, ವಿದ್ಯೆಗೆ ಅರಸಿಹೋದ ಊರೂ ಕಂಚಿಯೇ; ಜನ ಒಂದನ್ನು ಮಾತ್ರ ನೆನಪಿಟ್ಟುಕೊಂಡರು" ಎಂದು ಅವರು ಹೇಳಿದರು. ಗಡಿಯ ಮೇಲೆ ಬಾಳುವವರು ಮಾತ್ರ ಆಡಬಲ್ಲ ಮಾತದು. ಪರದೆಯ ಮೇಲೆ ಕದಂಬರನ್ನು ಗೆಲ್ಲಿಸಿದ ಕಲಾವಿದರೂ ಅದೇ ಗಡಿಯ ಮಗುವೆಂಬುದನ್ನು ನೆನೆದರೆ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ.

ಇಲ್ಲಿ ಒಂದು ವಿಷಯವನ್ನು ವಿದ್ವಾಂಸರ ಪರವಾಗಿ ಅಲ್ಲದಿದ್ದರೂ ನ್ಯಾಯದ ಪರವಾಗಿ ಹೇಳಬೇಕು. ತಾಳಗುಂದದ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಆತನು ಅದನ್ನು ರಚಿಸಿದುದು ಶಾಂತಿವರ್ಮನ ಕಾಲದಲ್ಲಿ, ಅಂದರೆ ಮಯೂರಶರ್ಮನು ಗತಿಸಿ ಸುಮಾರು ನೂರು ವರ್ಷಗಳಾದ ಮೇಲೆ. ಅದೂ ಕದಂಬ ಅರಸರ ಆಶ್ರಯದಲ್ಲಿ ಹುಟ್ಟಿದ ಸಂಸ್ಕೃತ ಕಾವ್ಯವೇ. ಶಿಲೆಯಲ್ಲಿ ಕೊರೆದ ಮಾತ್ರಕ್ಕೆ ಕವಿಯ ಮನಸ್ಸು ಅದರಲ್ಲಿ ಇಲ್ಲವೆನ್ನಲಾಗದು. ಕುಬ್ಜ ಕವಿ ಮಯೂರನನ್ನು ತನ್ನ ಕಾಲಕ್ಕೆ ಬೇಕಾದಂತೆ ಕಂಡನು. ದೇವುಡು ಅವರು ತಮ್ಮ ಕಾಲಕ್ಕೆ ಬೇಕಾದಂತೆ ಕಂಡರು. 1975ರ ಚಿತ್ರ ತನ್ನ ಕಾಲಕ್ಕೆ ಬೇಕಾದಂತೆ ಕಂಡಿತು. 1962ರಲ್ಲಿಯೇ ತೀರಿಕೊಂಡ ದೇವುಡು ಅವರು ಆ ಚಿತ್ರವನ್ನು ನೋಡಲಿಲ್ಲ. ನೋಡಿದ್ದರೆ ಏನೆನ್ನುತ್ತಿದ್ದರೋ! ಸ್ವಂತ ಕಾದಂಬರಿಯ ಚಿತ್ರಕ್ಕೆ ಕಾದಂಬರಿಕಾರನೂ ಒಬ್ಬ ಪ್ರೇಕ್ಷಕನೇ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರು 'ನಾಗರಹಾವು' ತೆಗೆದಾಗ ನಾಡೆಲ್ಲ ಮೆಚ್ಚಿತು. ಲೇಖಕರು ಮಾತ್ರ ಮೆಚ್ಚಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ.

ತ.ರಾ.ಸು. ಅವರ 'ಹಂಸಗೀತೆ'ಯ ಭಾಗ್ಯ ಇನ್ನೂ ವಿಚಿತ್ರವಾದುದು. ಅದು ಒಂದಲ್ಲ, ಎರಡು ಚಿತ್ರಗಳಿಗೆ ಮೂಲವಾಯಿತು. ಅಯ್ಯರ್ ಅವರಿಗಿಂತ ಬಹಳ ಮೊದಲೇ, 1956ರಲ್ಲಿ, ಮುಂಬಯಿಯವರು ಅದನ್ನು ಆಧರಿಸಿ 'ಬಸಂತ್ ಬಹಾರ್' ಎಂಬ ಹಿಂದಿ ಚಿತ್ರವನ್ನು ತೆಗೆದಿದ್ದರು. ಅಲ್ಲಿ ಚಿತ್ರದುರ್ಗ ಮಾಯವಾಗಿ ಉತ್ತರದ ದರ್ಬಾರು ಬಂದಿತು. ನಾಯಕನು ಆಸ್ಥಾನ ಜ್ಯೋತಿಷಿಯ ಮಗನಾದನು. ನಮ್ಮ ಹಿಂದಿ ಪಂಡಿತರು ಆ ಚಿತ್ರದ ಪರಮಭಕ್ತರು. ಗದಗ ಸೀಮೆಯ ಭೀಮಸೇನ ಜೋಶಿಯವರೂ ಮನ್ನಾ ಡೇ ಅವರೂ ಎದುರುಬದುರಾಗಿ ಹಾಡಿರುವ ಸ್ಪರ್ಧೆಯ ಗೀತೆಯೊಂದು ಅದರಲ್ಲಿದೆ. ಕಥೆಯ ಅಗತ್ಯದಂತೆ ಅಲ್ಲಿ ಗೆಲ್ಲಬೇಕಾದುದು ಮನ್ನಾ ಡೇ ಅವರ ಧ್ವನಿ. ಅಂತಹ ಮಹಾಗಾಯಕರನ್ನು ತಾನು ಸೋಲಿಸುವುದೆಂತು ಎಂದು ಅವರು ಅಂಜಿದ್ದರಂತೆ. ಈ ಪ್ರಸಂಗವನ್ನು ಪಂಡಿತರು ಹೇಳತೊಡಗಿದರೆ ಗಂಟೆ ಬಾರಿಸಿದುದೂ ಅವರಿಗೆ ಕೇಳುತ್ತಿರಲಿಲ್ಲ. ಸಂಗೀತದ ಅಧ್ಯಾಪಕರಾದರೋ ಬಾಲಮುರಳಿಯವರ ಗಾಯನದ ಮುಂದೆ ಬೇರೆ ಏನನ್ನೂ ಒಪ್ಪುತ್ತಿರಲಿಲ್ಲ. ಇಬ್ಬರ ವಾದವೂ ರಸವತ್ತಾಗಿತ್ತು. ಆದರೆ ಬಹುಕಾಲ ಇಬ್ಬರಲ್ಲಿ ಯಾರೂ ಮೂಲ ಕಾದಂಬರಿಯನ್ನು ತೆರೆದಿರಲಿಲ್ಲ. ಕಡೆಗೆ ಗ್ರಂಥಾಲಯದಲ್ಲಿದ್ದ ಒಂದೇ ಪ್ರತಿಯನ್ನು ನಾನು ತಂದು ಇಬ್ಬರ ನಡುವೆ ಇಟ್ಟೆ. ಅದನ್ನು ಮೊದಲು ಓದುವವರಾರೆಂಬುದೇ ಮುಂದೆ ಜಗಳಕ್ಕೆ ಕಾರಣವಾಯಿತು!

ಕೆಲವು ವರ್ಷಗಳ ಅನಂತರ ದಾನಿಗಳೊಬ್ಬರು ಶಾಲೆಗೆ ದೂರದರ್ಶನದ ಪೆಟ್ಟಿಗೆಯನ್ನು ಕೊಡಿಸಿದರು. ಒಂದು ಸಂಜೆ ಅದರಲ್ಲಿ 'ಹಂಸಗೀತೆ' ಬಂದಿತು. ಸಭಾಂಗಣದಲ್ಲಿ ನಿಲಯದ ಮಕ್ಕಳು, ಅಧ್ಯಾಪಕರು, ಬೀದಿಯ ಹೆಂಗಸರು ಎಲ್ಲರೂ ನೆರೆದಿದ್ದರು. ಹಾಡುಗಬ್ಬದಂತೆ ನಿಧಾನವಾಗಿ ಸಾಗುವ ಚಿತ್ರ. ಮಕ್ಕಳಲ್ಲಿ ಅನೇಕರು ನಿದ್ದೆಹೋದರು. ದೇವರ ಮುಂದೆ ಮಾತ್ರ ಹಾಡುವೆನೆಂದು ನಿಶ್ಚಯಿಸಿದ ಗಾಯಕ, ಅಧಿಕಾರದ ಆಜ್ಞೆಗೆ ಮಣಿದು ಹಾಡಲೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುವ ಕಡೆಯ ಭಾಗ ಬಂದಾಗ ಸಭೆ ಉಸಿರು ಬಿಗಿಹಿಡಿದಿತ್ತು. ಮುಗಿದ ಮೇಲೆ ನಾವು ಅಧ್ಯಾಪಕರು ಕಲಾವಿದನ ಸ್ವಾತಂತ್ರ್ಯ, ತ್ಯಾಗ, ಆತ್ಮಗೌರವ ಎಂದು ಘನವಾದ ಮಾತುಗಳನ್ನು ಆಡತೊಡಗಿದೆವು.

ನಿಲಯದ ಅಡುಗೆಮನೆಯಲ್ಲಿ ಕಾಳು ಆರಿಸಿ, ಪಾತ್ರೆ ತೊಳೆದು ಜೀವನ ಸಾಗಿಸುತ್ತಿದ್ದ ತಾಯಿಯೊಬ್ಬರು ಬಾಗಿಲ ಬಳಿ ಕುಳಿತಿದ್ದರು. "ಅವ್ನೇನೋ ನಾಲ್ಗ ಕತ್ತರಿಸ್ಕಂಡ, ದೊಡ್ಡವ್ನಾದ ಕನಪ್ಪ ಮೇಷ್ಟ್ರೇ. ಅವ್ನ ನಂಬ್ಕಂಡಿದ್ದೋಳ್ ಪಾಡೇನಾತು ಅಂತ ಯಾರೂ ಕೇಳ್ನಿಲ್ವಲ್ಲ" ಎಂದರು. ನಮ್ಮ ಘನವಾದ ಮಾತುಗಳು ಅಲ್ಲಿಗೆ ನಿಂತವು. ಆ ತಾಯಿಯ ಪತಿ ದೇವರ ಹೆಸರು ಹೇಳಿ ಮನೆ ಬಿಟ್ಟು ಹೋದವರು, ಮರಳಿ ಬರಲಿಲ್ಲವೆಂಬುದನ್ನೂ, ಎರಡು ಮಕ್ಕಳನ್ನು ಆಕೆ ಒಬ್ಬರೇ ಬೆಳೆಸಿದರೆಂಬುದನ್ನೂ ನಾವೆಲ್ಲ ಬಲ್ಲೆವು. ಬಲ್ಲವರಾಗಿದ್ದರೂ ಆ ಮಾತಿಗೆ ಉತ್ತರ ಹೇಳುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ಚಿತ್ರವನ್ನು ಕುರಿತು ನಾನು ಓದಿರುವ ಪ್ರಶಂಸೆಗಳು ಹಲವು. ಅವುಗಳಲ್ಲಿ ಒಂದೂ ಈ ಪ್ರಶ್ನೆಯಷ್ಟು ಒಳಹೊಕ್ಕು ನೋಡಿದುದಲ್ಲ. ಆಕೆ ಚಿತ್ರವನ್ನು ಹಳಿಯಲಿಲ್ಲ, ಗಾಯಕನನ್ನೂ ಕಡೆಗಣಿಸಲಿಲ್ಲ. 'ದೊಡ್ಡವನಾದ' ಎಂದು ಮೊದಲು ಒಪ್ಪಿಕೊಂಡೇ, ಆ ದೊಡ್ಡತನದ ಬೆಲೆಯನ್ನು ಯಾರು ತೆತ್ತರೆಂದು ಕೇಳಿದರು. ವಿಮರ್ಶೆಯೆಂಬುದು ಇದಲ್ಲದೆ ಮತ್ತೇನು?

ಇಷ್ಟನ್ನೂ ಬರೆದುದರ ಉದ್ದೇಶ ಒಂದೇ. ಲೋಕದ ರುಚಿ ಭಿನ್ನವೆಂದು ಹೇಳಿ ಪ್ರೇಕ್ಷಕರ ಅಭಿಪ್ರಾಯಗಳನ್ನು ಬದಿಗೆ ಸರಿಸುವುದು ಸುಲಭ. ಆದರೆ ಮೇಲೆ ಹೇಳಿದ ಹುಡುಗ, ವೃದ್ಧರು, ಗಡಿಯ ಸಹೋದ್ಯೋಗಿ, ಅಡುಗೆಮನೆಯ ತಾಯಿ, ಇವರಲ್ಲಿ ಯಾರೂ ಚಿತ್ರ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ಹೇಳಿ ಸುಮ್ಮನಾಗಲಿಲ್ಲ. ಪ್ರತಿಯೊಬ್ಬರೂ ಚಿತ್ರದ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿದರು: ಒಬ್ಬನು ಶಾಸನವನ್ನು, ಒಬ್ಬರು ಕಳೆದುಹೋದ ಹೊಲವನ್ನು, ಒಬ್ಬರು ಎರಡು ಭಾಷೆಯ ಬಂಧುತ್ವವನ್ನು, ಒಬ್ಬರು ತಮ್ಮ ಬಾಳನ್ನೇ. ಹೀಗೆ ಪಕ್ಕದಲ್ಲಿಟ್ಟು ನೋಡುವ ಶಕ್ತಿಯೇ ಶಿಕ್ಷಣದ ಫಲ. ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿಯೂ ಅದು ಇರುವುದುಂಟು. ಶಾಲೆಯ ಕರ್ತವ್ಯ ಅದನ್ನು ಎಲ್ಲರಲ್ಲಿಯೂ ಬೆಳೆಸುವುದು.

ಆದುದರಿಂದ ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ಮಕ್ಕಳು ಚಿತ್ರ ನೋಡುವುದನ್ನು ತಡೆಯುವುದು ಎಂದೂ ಸಾಧ್ಯವಾಗಿರಲಿಲ್ಲ, ಇಂದಂತೂ ಆಗದು. ನೋಡಿ ಬಂದ ಹುಡುಗನನ್ನು ಮೂರು ಪ್ರಶ್ನೆ ಕೇಳಿರಿ: ನೀನು ಕಂಡುದೇನು? ಅದು ಮೂಲದಲ್ಲಿ ಹೇಗಿದೆ? ನಿನಗೆ ಅದು ಏಕೆ ನಾಟಿತು? ಮೊದಲನೆಯ ಪ್ರಶ್ನೆ ಕಣ್ಣನ್ನೂ, ಎರಡನೆಯದು ಓದನ್ನೂ, ಮೂರನೆಯದು ಅಂತರಂಗವನ್ನೂ ತೆರೆಯುತ್ತದೆ. ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಪ್ರಾರ್ಥನೆ. ಕಟ್ಟಡಕ್ಕೂ ಕಂಪ್ಯೂಟರಿಗೂ ತಾವು ಧಾರಾಳವಾಗಿ ಕೊಟ್ಟಿದ್ದೀರಿ. ಇನ್ನು ದೇವುಡು, ತ.ರಾ.ಸು. ಅವರಂತಹವರ ಕಾದಂಬರಿಗಳು ಗ್ರಂಥಾಲಯದಲ್ಲಿ ಒಂದೊಂದು ಪ್ರತಿಯಲ್ಲ, ಹತ್ತು ಹತ್ತು ಪ್ರತಿ ಇರುವಂತೆ ಮಾಡಿರಿ. ಚಿತ್ರ ನೋಡಿದ ಬಿಸಿಯಲ್ಲಿ ಪುಸ್ತಕವನ್ನು ಅರಸಿ ಬಂದ ಹುಡುಗನಿಗೆ 'ಬೇರೆಯವರು ಒಯ್ದಿದ್ದಾರೆ' ಎಂಬ ಉತ್ತರ ದೊರೆಯಬಾರದು.

ಹಿಂದಿನ ಸಾಲಿನಿಂದ ಎದ್ದುನಿಂತ ಆ ಹುಡುಗ ಇಂದು ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು; ಅವರೂ ಉಪಾಧ್ಯಾಯರಾಗಿ ನಿವೃತ್ತರಾಗಿದ್ದಾರೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ತಾಳಗುಂದಕ್ಕೆ ಹೋಗಿ, ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನೋಡಿ ಬಂದುದಾಗಿ ನನಗೆ ಕಾಗದ ಬರೆದಿದ್ದರು. ಅಕ್ಷರ ಒಂದೂ ತಿಳಿಯಲಿಲ್ಲ, ಆದರೂ ಬಹಳ ಹೊತ್ತು ಅಲ್ಲಿಯೇ ನಿಂತಿದ್ದೆ ಎಂದು ಅದರಲ್ಲಿತ್ತು.

ಈಗ ಚಿತ್ರಗಳು ಅಂಗೈಯ ದೂರವಾಣಿಯಲ್ಲಿಯೇ ಬರುತ್ತವೆ. 'ಮಯೂರ'ವನ್ನೂ 'ಹಂಸಗೀತೆ'ಯನ್ನೂ ಇಂದಿನ ಮಕ್ಕಳು ಬೇಕಾದಾಗ ನೋಡಬಹುದು. ಒಂಟಿಯಾಗಿ ನೋಡಿ, ಮುಗಿದೊಡನೆ ಹೆಬ್ಬೆರಳಿನ ಗುರುತೊಂದನ್ನು ಒತ್ತಿ ಮುಂದಿನದಕ್ಕೆ ಸಾಗುತ್ತಾರೆ. ಅಭಿಪ್ರಾಯ ಅಲ್ಲಿಗೆ ತೀರಿತು. ಈ ಬಯಲುಸೀಮೆಯ ಮಕ್ಕಳು ಹೆಬ್ಬೆಟ್ಟು ಒತ್ತುವ ಕಾಲ ಕೊನೆಗಾಣಲೆಂದೇ ನಮ್ಮ ಹಿರಿಯರು ಮನೆಮನೆಯ ಮುಂದೆ ನಿಂತು ಧಾನ್ಯ ಬೇಡಿ ಈ ಶಾಲೆಯನ್ನು ಕಟ್ಟಿದರು. ಆ ಕೆಲಸ ಇನ್ನೂ ಮುಗಿದಿಲ್ಲ.